ಜುಬ್ಬದ ಒಳಗಿನ ಎಂಟನೇ ನಂಬರು

ರೇಷ್ಮೆ ಸೀಮೆಯಲ್ಲಿ ಹುಟ್ಟಿ, ರೇಷ್ಮೆ ಹುಳುಗಳ ಜೊತೆ ಒಂದೇ ಸೂರಿನಡಿ ಮಲಗಿ ಬೆಳೆದವನು ನಾನು. ಹಾಗಿದ್ದರೂ ಮದುವೆಯ ದಿನದ ಪಂಚೆಯೊಂದನ್ನು ಬಿಟ್ಟರೆ ರೇಷ್ಮೆ ನನ್ನ ಮೈಯನ್ನು ಸೋಕಿದ್ದಿಲ್ಲ. ನನ್ನ ಬದುಕಿನಲ್ಲಿ ಮರೆಯಲಾಗದ ಬಟ್ಟೆ ಯಾವುದು ಅಂತ ಯಾರಾದರೂ ಕೇಳಿದರೆ ಅಪ್ಪಟ ಪಾಲಿಯೆಸ್ಟರಿನ ಒಂದು ಅಂಗಿಯನ್ನು ತೋರಿಸಬೇಕಾಗುತ್ತದೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ನಿಂತು ಈ ಮಾತು ಆಡಿದರೆ ಜನ ಸುಮ್ಮನೆ ಬಿಡುವುದಿಲ್ಲ. ಅದಕ್ಕೇ ಚಿಕ್ಕಬಳ್ಳಾಪುರದ ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಹೋದ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಶಿಡ್ಲಘಟ್ಟಕ್ಕೆ, ಗೆಳೆಯ ರಿಯಾಜನ ಮನೆಗೆ ಹೋಗಿದ್ದೆ. ರಿಯಾಜ್ ಮತ್ತು ನಾನು ಹೈಸ್ಕೂಲಿನಿಂದ ಜೊತೆಗಾರರು. ಅವನ ಮನೆಯಲ್ಲಿ ಗೂಡಿನಿಂದ ನೂಲು ಬಿಚ್ಚುವ ಕಸುಬು. ನಮ್ಮದು ಸಾದಲಿ ಕಡೆಯ ಬೇಸಾಯ, ಹಿಪ್ಪುನೇರಳೆ ತೋಟ, ಹುಳು ಸಾಕಣೆ. ಅಂದರೆ ನಮ್ಮಪ್ಪ ಗೂಡು ಮಾರುವವರು, ಅವರಪ್ಪ ಕೊಳ್ಳುವವರು. ಹರಾಜಿನಲ್ಲಿ ಅವರಿಬ್ಬರೂ ಎದುರುಬದುರು ನಿಂತು ಕಚ್ಚಾಡುತ್ತಿದ್ದರೆ ನಾವಿಬ್ಬರೂ ಮಾರುಕಟ್ಟೆಯ ಹಿಂದೆ ಕೂತು ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದೆವು.

ಅವತ್ತು ರಿಯಾಜನ ತಂದೆ ಬಷೀರ್ ಸಾಬರು ಮನೆ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯುತ್ತಾ ಕೂತಿದ್ದರು. ನಾವು ಗೆಳೆಯರೆಲ್ಲ ಅವರನ್ನು ಅಬ್ಬಾ ಅಂತಲೇ ಕರೆಯುವುದು. ಬಿಳಿ ಜುಬ್ಬ, ಚೌಕಳಿ ಲುಂಗಿ, ತಲೆಗೆ ಮಫ್ಲರ್. ಜುಬ್ಬದ ಕತ್ತಿನಲ್ಲಿ ಏನೋ ಆಕಾಶನೀಲಿ ಇಣುಕುತ್ತಿತ್ತು.

"ಅಬ್ಬಾ, ಒಳಗೆ ಏನೋ ನೀಲಿ ಕಾಣ್ತಿದೆ?"

"ಚಳಿ ಕಣಪ್ಪ ಮಂಜಪ್ಪ. ಹಳೇದೊಂದು ಬಿದ್ದಿತ್ತು, ಬನೀನ್ ಥರ ಹಾಕ್ಕೊಂಡಿದೀನಿ. ಎಷ್ಟು ಒಗೆದ್ರೂ ಸಾಯಲ್ಲ ಇದು, ನೋಡು," ಅಂತ ಬೆನ್ನು ತಿರುಗಿಸಿ ಜುಬ್ಬವನ್ನು ಮೇಲಕ್ಕೆತ್ತಿದರು. ಬೆನ್ನಿನ ತುಂಬ ಬಿಳಿ ಬಣ್ಣದ ಎಂಟು. ಅದರ ಮೇಲೆ, ಅರ್ಧಂಬರ್ಧ ಉದುರಿದ ಇಂಗ್ಲಿಷ್ ಅಕ್ಷರಗಳಲ್ಲಿ ವಿಗ್‌ಶಾ ಅನ್ನುವ ಹೆಸರು.

ನನಗೆ ನಗು ಬಂತು. ಆ ಅಂಗಿ ರಿಯಾಜನ ಕೈಗೆ ಮೊದಲು ಸಿಕ್ಕ ದಿನ ನಾನೂ ಅಲ್ಲಿದ್ದೆ.

ಆಗ ನಮಗೆ ಇಪ್ಪತ್ತು ದಾಟಿತ್ತಷ್ಟೆ. ಮೊಬೈಲಿನಲ್ಲಿ ಹಾವಿನ ಆಟ ಬಿಟ್ಟರೆ ಬೇರೇನೂ ಇರದ ಕಾಲ. ಗೂಡು ಬೇಯಿಸುವುದಕ್ಕೆ ಒಂದು ಅಗಲ ಬಾಯಿಯ ಬೋಸಿ ಬೇಕು ಅಂತ ಅಬ್ಬಾ ರಿಯಾಜನನ್ನು ಚಿಂತಾಮಣಿ ಸಂತೆಗೆ ಕಳಿಸಿದ್ದರು, ಜೊತೆಗೆ ನಾನು. ಸಂತೆಯ ಒಂದು ಮೂಲೆಯಲ್ಲಿ ಟಾರ್ಪಾಲಿನ ಮೇಲೆ ಫಾರಿನ್ ಹಳೇ ಬಟ್ಟೆಗಳ ರಾಶಿ ಬಿದ್ದಿತ್ತು. ವ್ಯಾಪಾರದವನು ತೆಲುಗು ಕನ್ನಡ ಕಲಸಿ, "ರಂಡಿ ರಂಡಿ, ಲಂಡನ್ ಮಾಲು, ದೊರೆ ಹಾಕಿದ್ದು ದೊರೆಗೇ, ಬನ್ನಿ" ಅಂತ ಕೂಗುತ್ತಿದ್ದ. ದೊರೆಗಳು ಹಾಕಿಬಿಟ್ಟ ಕೋಟು, ಮೇಡಮ್ಮುಗಳ ಗೌನು, ಒಂದೊಂದೇ ಉಳಿದ ಕಾಲುಚೀಲ. ರಿಯಾಜ್ ಆ ರಾಶಿಗೆ ಮೊಣಕೈವರೆಗೆ ಕೈಹಾಕಿ ಎಳೆದದ್ದು ಈ ನೀಲಿ ಅಂಗಿ. ಮೈಗೆ ಹಿಡಿದು ನೋಡಿದ. ಅಳತೆ ತೆಗೆದು ಹೊಲಿಸಿದ ಹಾಗಿತ್ತು. ಬೋಸಿ ಮರೆತು ಅಂಗಿ ತಂದದ್ದಕ್ಕೆ ಅವತ್ತು ಮನೆಯಲ್ಲಿ ಅವನಿಗೆ ಆದ ಪೂಜೆಯನ್ನು ನಾನು ಬೀದಿಯ ತುದಿಯಿಂದಲೇ ಕೇಳಿಸಿಕೊಂಡೆ.

ಫುಟ್‌ಬಾಲ್ ನಮ್ಮೂರಿಗೆ ಬಂದದ್ದರ ಬಗ್ಗೆ ಒಂದು ಮಾತು ಹೇಳಬೇಕು. ಊರೆಲ್ಲ ಕ್ರಿಕೆಟ್ ಆಡುವಾಗ ನಾವು ಕೆಲವರು ಫುಟ್‌ಬಾಲ್ ಹಿಡಿದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಬೀರುವಿನಲ್ಲಿ ಬ್ಯಾಟು ಮುರಿದಿತ್ತು, ಚೆಂಡು ಉಳಿದಿತ್ತು. ಸ್ಕೂಲು ಬಿಟ್ಟ ಮೇಲೂ ನಾವು ಚೆಂಡು ಬಿಡಲಿಲ್ಲ. ಅರ್ಧ ತಂಡ ಹಳ್ಳಿಯ ರೈತರ ಮಕ್ಕಳು, ಇನ್ನರ್ಧ ಪೇಟೆಯ ನೂಲು ಬಿಚ್ಚುವವರ ಮಕ್ಕಳು. ಇಂಥ ತಂಡಕ್ಕೆ ಪಂದ್ಯದ ದಿನ ಗೊತ್ತುಮಾಡುವುದು ಬ್ರಹ್ಮವಿದ್ಯೆ. ಹುಳುಗಳು ಪೊರೆ ಬಿಡುವುದಕ್ಕೆ ಮೊದಲು ಮೇವು ಬಿಟ್ಟು ತೆಪ್ಪಗೆ ಮಲಗುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳು ಜ್ವರದಲ್ಲಿದ್ದರೆ ರೈತರ ಮಕ್ಕಳಿಗೆ ಬಿಡುವು. ನಾಲ್ಕನೇ ಜ್ವರ ಎದ್ದವೋ, ಹಗಲೂ ರಾತ್ರಿ ಸೊಪ್ಪು ಸುರಿಯಬೇಕು. ದೇವರೇ ಬಂದು ಗೋಲು ಹೊಡೆಯಲು ಕರೆದರೂ ಬರುವಂತಿಲ್ಲ. ಅದಾಗಿ ಗೂಡು ಕಟ್ಟಿ ಮಾರುಕಟ್ಟೆಗೆ ಬಂದರೆ ಪೇಟೆ ಹುಡುಗರಿಗೆ ಪುರಸೊತ್ತಿಲ್ಲ. ಮಂಡಿಕಲ್ ತಂಡದವರು ಪಂದ್ಯಕ್ಕೆ ಕರೆದಾಗ ನಮ್ಮ ಕ್ಯಾಪ್ಟನ್, "ಹುಳ ಈಗ ಮೂರನೇ ಜ್ವರಕ್ಕೆ ಕೂತವೆ, ನಾಳೆ ಆದ್ರೆ ಬರ್ತೀವಿ, ನಾಡಿದ್ದು ಆಗಲ್ಲ" ಅಂತ ಹೇಳಿ ಕಳಿಸುತ್ತಿದ್ದ. ಅವರೂ ಹುಳು ಸಾಕುವವರೇ, ಒಪ್ಪಿಕೊಳ್ಳುತ್ತಿದ್ದರು.

ನಮ್ಮಮ್ಮನ ಕಾನೂನು ಇನ್ನೂ ಬಿಗಿ. ಹುಳುವಿಗೆ ಯಾವ ಘಾಟೂ ಆಗದು. ಒಂದು ದಿನ ಮೊಣಕಾಲು ಊದಿಸಿಕೊಂಡು, ನೋವಿನ ಬಾಮ್ ಬಳಿದುಕೊಂಡು ಹುಳುಮನೆ ಬಾಗಿಲಿಗೆ ಬಂದೆ. ಅಮ್ಮ ಸೊಪ್ಪಿನ ಮಂಕರಿ ಅಡ್ಡ ಹಿಡಿದಳು.

"ಏಮ್ರಾ ಅದು ವಾಸನೆ? ಬಾಮ್ ಹಚ್ಕೊಂಡು ಒಳಗೆ ಕಾಲಿಟ್ರೆ ಕಾಲು ಮುರೀತೀನಿ!"

"ಕಾಲು ಮುರ್ದಿದೆ ಅಂತಾನೇ ಅಲ್ವೇನಮ್ಮ ಬಾಮ್ ಹಚ್ಚಿರೋದು?"

"ಹಂಗಾದ್ರೆ ಕೊಟ್ಟಿಗೇಲಿ ಮಲಗು ಹೋಗು. ಎಮ್ಮೆಗೇನೂ ಆಗಲ್ಲ."

ಮಲಗಿದೆ. ನಿಜಕ್ಕೂ ಎಮ್ಮೆಗೆ ಏನೂ ಆಗಲಿಲ್ಲ.

ತಂಡದಲ್ಲಿ ನಾನು ಬ್ಯಾಕ್. ಹಿಂದೆ ನಿಂತು ಗೋಲು ಕಾಯುವ ಕೆಲಸ. ನನ್ನ ಆಟದ ವಿಧಾನ ಸರಳ: ಚೆಂಡು ಬಂದರೆ ಕಣ್ಣು ಮುಚ್ಚಿ, ಇದ್ದ ಬಲವೆಲ್ಲ ಹಾಕಿ ಒದೆಯುವುದು. ಎಲ್ಲಿಗೆ ಹೋಯಿತು ಅನ್ನುವುದು ಚೆಂಡಿಗೆ ಬಿಟ್ಟದ್ದು. ತೊಂಡೇಬಾವಿಯಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರದ ಬಯಲಿನಲ್ಲಿ ಆಡುವಾಗ ನಾನು ಹೀಗೆ ಒದ್ದ ಚೆಂಡು, ಆಗಷ್ಟೇ ಹಾಯುತ್ತಿದ್ದ ಗೂಡ್ಸ್ ಗಾಡಿಯ ತೆರೆದ ಡಬ್ಬಿಯೊಳಕ್ಕೆ ಬಿದ್ದು ಹಿಂದೂಪುರದ ಕಡೆಗೆ ಹೊರಟುಹೋಯಿತು. ಎರಡೂ ತಂಡದವರು ಹಳಿಯ ಪಕ್ಕ ನಿಂತು ಮನೆಮಗಳನ್ನು ಕಳಿಸಿಕೊಟ್ಟವರ ಹಾಗೆ ನೋಡಿದೆವು. ಇನ್ನೊಂದು ಚೆಂಡಿರಲಿಲ್ಲ. ಪಂದ್ಯ ಸಮ ಅಂತ ತೀರ್ಮಾನವಾಯಿತು. ಗೆದ್ದ ಪಂದ್ಯಗಳೆಲ್ಲ ಮರೆತುಹೋಗಿವೆ, ಅದೊಂದು ನೆನಪಿದೆ.

ರಿಯಾಜ್ ಆಡುತ್ತಿದ್ದದ್ದು ನಡುವೆ. ಮಿಡ್‌ಫೀಲ್ಡ್. ಇಂಗ್ಲಿಷಿನಲ್ಲಿ ಹೇಳಿದರೆ ಘನತೆ ಇದೆ, ಕನ್ನಡದಲ್ಲಿ ಹೇಳಿದರೆ ಮಧ್ಯದಲ್ಲಿ ನಿಂತವನು ಅಷ್ಟೆ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ, ಗೋಲು ತಡೆದವನ ಬೆನ್ನು ತಟ್ಟುತ್ತಾರೆ. ನಡುವಿನವನಿಗೆ ಬಾಯಾರಿಕೆಯೊಂದು ಹೆಚ್ಚು. ರಿಯಾಜ್ ಓಡುತ್ತಲೇ ಇರುತ್ತಿದ್ದ. ಯಾರಿಂದಲೋ ಚೆಂಡು ತೆಗೆದುಕೊಂಡು ಇನ್ಯಾರಿಗೋ ಕೊಡುತ್ತಿದ್ದ. ಮುಂದೆ ದಾರಿ ಇಲ್ಲದಿದ್ದರೆ ಹಿಂದಕ್ಕೆ ಕೊಡುತ್ತಿದ್ದ. ಹಿಂದೆ ಇರುತ್ತಿದ್ದವನು ನಾನು. ಅವನ ದುರದೃಷ್ಟ ಅಷ್ಟೇ ಇದ್ದದ್ದು.

ಅಂಗಿ ಬಂದ ಮೇಲೆ ಅದರ ಬೆನ್ನ ಮೇಲಿನ ಹೆಸರು ಯಾರದು ಅನ್ನುವುದು ನಮ್ಮನ್ನು ಕೊರೆಯತೊಡಗಿತು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ಹುಡುಕಿದೆವು. ಬಹಳ ಹೊತ್ತಿನ ಮೇಲೆ ಒಂದು ಪುಟ ತೆರೆಯಿತು. ಪಟ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯಿತು. ಮೊದಲು ಕೆಂಚು ಕೂದಲು, ಆಮೇಲೆ ಮೊಡವೆ ತುಂಬಿದ ಹಣೆ, ಆಮೇಲೆ ಹೆದರಿದ ಎರಡು ಕಣ್ಣು. ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಒಂದು ತಂಡದ ಹುಡುಗ. ನಮಗಿಂತ ಚಿಕ್ಕವನು. ಮಿಡ್‌ಫೀಲ್ಡರ್! ರಿಯಾಜ್ ಕುರ್ಚಿಯಿಂದ ಎದ್ದೇಬಿಟ್ಟ.

"ನೋಡೋ ಮಂಜ, ಇವ್ನೂ ಮಧ್ಯದವನೇ!"

"ಇವನ ಅಂಗಿ ಚಿಂತಾಮಣಿಗೆ ಹೆಂಗೆ ಬಂತೋ?"

"ಇವನ್ಯಾರು ಅಂತ ಅಲ್ಲಿ ಯಾರಿಗೂ ಗೊತ್ತಿಲ್ವಲ್ಲ, ಯಾರು ತಗೋತಾರೆ? ಉಳ್ಕೊಂಡಿರುತ್ತೆ, ಇಲ್ಲಿಗೆ ಬಂದಿದೆ."

ಅದಾದ ಮೇಲೆ ವಿಗ್‌ಶಾ ನಮ್ಮ ಊರಿನವನಾಗಿಬಿಟ್ಟ. ಬೇರೆ ಹುಡುಗರು ಟೀವಿಯಲ್ಲಿ ಬರುವ ದೊಡ್ಡ ದೊಡ್ಡ ಆಟಗಾರರ ಪಟ ಗೋಡೆಗೆ ಅಂಟಿಸಿದರೆ ರಿಯಾಜ್ ಈ ಮೊಡವೆ ಹುಡುಗನ ಪಂದ್ಯದ ಫಲಿತಾಂಶ ಹುಡುಕಿಕೊಂಡು ಸೈಬರ್ ಸೆಂಟರಿಗೆ ಹೋಗುತ್ತಿದ್ದ. ಗೆದ್ದರೋ ಸೋತರೋ ತಿಳಿಯುತ್ತಿತ್ತು. ಇವನು ಏನು ಮಾಡಿದ ಅನ್ನುವುದು ಎಲ್ಲೂ ಇರುತ್ತಿರಲಿಲ್ಲ. ಗೋಲು ಹೊಡೆದವರ ಹೆಸರು ಮಾತ್ರ ಹಾಕುತ್ತಾರೆ, ನಮ್ಮೂರ ಬ್ಯಾನರುಗಳಲ್ಲಿ ದಾನಿಗಳ ಹೆಸರು ಹಾಕಿ ಚಪ್ಪರ ಕಟ್ಟಿದವನ ಹೆಸರು ಬಿಟ್ಟ ಹಾಗೆ.

ಈಗ ಗೌರಿಬಿದನೂರಿನ ವಿಷಯಕ್ಕೆ ಬರಬೇಕು. ಬರದೆ ತಪ್ಪಿಸಿಕೊಳ್ಳೋಣ ಅಂತ ಅಂಗಿ, ಹುಳ, ರೈಲು ಅಂತ ಸುತ್ತುತ್ತಿದ್ದೆ.

ಗೌರಿಬಿದನೂರಿನಲ್ಲಿ ನಮಗೊಂದು ಪಂದ್ಯವಿತ್ತು. ಅದೇ ದಿನ ಅಲ್ಲೇ ಅಬ್ಬಾನ ತಂಗಿಯ ಮಗಳ ನಿಶ್ಚಿತಾರ್ಥ. ಊಟ ಮುಗಿಸಿದ ಗಂಡಿನ ಕಡೆಯವರು, "ನಿಮ್ಮ ಮಗ ಆಡ್ತಾನಂತಲ್ಲ, ನೋಡಣ ಬನ್ನಿ" ಅಂತ ಅಬ್ಬಾನನ್ನೂ ಮೈದಾನಕ್ಕೆ ಕರೆತಂದರು. ಅಬ್ಬಾ ಅದುವರೆಗೆ ಒಂದೂ ಪಂದ್ಯ ನೋಡಿದವರಲ್ಲ. ಹೊಸ ಶೇರ್ವಾನಿ, ಬಾಯಲ್ಲಿ ಪಾನ್, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ. ರಿಯಾಜನ ಮುಖ ನೋಡಬೇಕಿತ್ತು ನೀವು. ಎರಡು ಸಲ ಬೂಟಿನ ದಾರ ಬಿಚ್ಚಿ ಕಟ್ಟಿಕೊಂಡ.

ಚೆನ್ನಾಗಿಯೇ ಆಡಿದ. ಅವನು ಅವತ್ತು ಆಡಿದ್ದಕ್ಕಿಂತ ಚೆನ್ನಾಗಿ ಯಾವತ್ತೂ ಆಡಿರಲಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅದು ಕಾಣುವಂಥ ಆಟವಲ್ಲ. ಒಮ್ಮೆ ಎದುರು ತಂಡದ ಇಬ್ಬರು ಧಡಿಯರು ಅವನ ಮೇಲೆ ಬಿದ್ದರು. ರಿಯಾಜ್ ಸರಕ್ಕನೆ ತಿರುಗಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಚೆಂಡನ್ನು ಬಿಡಿಸಿ, ನನ್ನ ಕಾಲಿಗೆ ಹಿಂದಕ್ಕೆ ಕೊಟ್ಟ. ನಾನು ನನ್ನ ಪದ್ಧತಿಯಂತೆ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಚೆಂಡು ಬೋಂಡದಂಗಡಿಯ ತಗಡಿನ ಮೇಲೆ ಧಡಧಡ ಉರುಳುತ್ತಿತ್ತು.

ಅಬ್ಬಾ ಎದ್ದು ನಿಂತರು. ಅವರದು ಹರಾಜಿನಲ್ಲಿ ಪಳಗಿದ ಗಂಟಲು.

"ಅರೆ ನಾಲಾಯಕ್! ಗೋಲು ಆ ಕಡೆ ಕಣೋ! ಹಿಂದಕ್ಯಾಕೋ ಹೊಡೀತೀಯಾ?"

ಇಡೀ ಮೈದಾನ ನಕ್ಕಿತು. ಎದುರು ತಂಡದವರು ನಕ್ಕರು, ರೆಫರಿ ನಕ್ಕ, ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ರಿಯಾಜ್ ತಲೆ ಎತ್ತಲಿಲ್ಲ. ಆಮೇಲೆ ನಾವು ಯಾವ ಊರಿಗೆ ಆಡಲು ಹೋದರೂ ಅವನ ಕಾಲಿಗೆ ಚೆಂಡು ಬಂದ ಕೂಡಲೇ ಯಾರಾದರೊಬ್ಬ, "ಗೋಲು ಆ ಕಡೆ ಕಣೋ!" ಅಂತ ಕೂಗುತ್ತಿದ್ದ.

ಮನೆಯಲ್ಲಂತೂ ಅದೊಂದು ಗಾದೆಯೇ ಆಯಿತು. ಗೂಡಿನ ಹರಾಜಿನಲ್ಲಿ ರಿಯಾಜ್ ಹಿಂಜರಿದರೆ, "ಹಿಂದಕ್ಕೆ ಹೊಡೆದ್ಯಾ?" ಪರೀಕ್ಷೆಯಲ್ಲಿ ಫೇಲಾದರೆ, "ಹಿಂದಕ್ಕೆ ಹೊಡಿಯೋನಿಗೆ ಇನ್ನೇನಾಗುತ್ತೆ." ಅವನಿಗೆ ಹೆಣ್ಣು ನೋಡಲು ಹೋದಾಗಲೂ ಅಬ್ಬಾ ಬೀಗರಾಗುವವರ ಮುಂದೆ, "ನನ್ ಮಗ ಒಳ್ಳೇವ್ನೇ. ಸ್ವಲ್ಪ ಹಿಂದಕ್ಕೆ ಹೊಡೀತಾನೆ ಅಷ್ಟೆ" ಅಂದರಂತೆ. ಹುಡುಗಿ ಒಳಗಿಂದ ನಕ್ಕಳಂತೆ. ಮದುವೆಯೇನೋ ಆಯಿತು. ಅಬ್ಬಾನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹರಾಜಿನ ಕೂಗಿಗೂ ಮಗನನ್ನು ಕೂಗುವುದಕ್ಕೂ ಅವರಲ್ಲಿ ವ್ಯತ್ಯಾಸವಿರಲಿಲ್ಲ.

ಗೌರಿಬಿದನೂರಿನಿಂದ ವಾಪಸು ಬರುವ ಬಸ್ಸಿನಲ್ಲಿ ರಿಯಾಜ್ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದ. ಕೊನೆಗೆ ನನ್ನ ಕಡೆ ತಿರುಗಿದ.

"ಮೆಚ್ಚೋದು ಬೇಡ ಕಣೋ ಮಂಜ. ನಾನು ಮಧ್ಯದಲ್ಲಿ ನಿಂತು ಏನ್ ಮಾಡ್ತೀನಿ ಅಂತ ಅಬ್ಬಾಗೆ ಒಂದೇ ಒಂದ್ಸಲ ಅರ್ಥ ಆದ್ರೆ ಸಾಕು."

"ಹೇಳಿಬಿಡು ಮತ್ತೆ."

"ಹೇಳಿದ್ರೆ ಅರ್ಥ ಆಗೋದಾಗಿದ್ರೆ ನಿಂಗೆ ಆಗ್ತಿರ್ಲಿಲ್ವಾ?"

ಅದು ನಿಜವೇ.

ಅಬ್ಬಾಗೆ ಮತ್ತೆ ತೋರಿಸುವುದಕ್ಕೆ ಅವನಿಗೆ ಅವಕಾಶವೂ ಸಿಗಲಿಲ್ಲ. ಸ್ವಲ್ಪ ಕಾಲದಲ್ಲೇ ಅಬ್ಬಾನ ಕೈ ಬೆರಳುಗಳು ಬಿಸಿನೀರಿಗೆ ಬಿರಿದು ಹುಣ್ಣಾದವು. ಇನ್ನು ನೀರಿಗೆ ಕೈ ಹಾಕಬೇಡಿ ಅಂದರು ಡಾಕ್ಟರು. ನೂಲು ಬಿಚ್ಚುವ ಚರಕದ ಮುಂದೆ ರಿಯಾಜ್ ಕೂತ. ಆ ಕೆಲಸ ನೀವು ನೋಡಿದ್ದೀರೋ ಇಲ್ಲವೋ. ನಾನು ಚಿಕ್ಕವನಿದ್ದಾಗ ಗಂಟೆಗಟ್ಟಲೆ ನಿಂತು ನೋಡುತ್ತಿದ್ದೆ. ಕುದಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಕೆಲವು ಗೂಡುಗಳ ಎಳೆ ಸೇರಿ ಒಂದು ನೂಲಾಗಿ ಮೇಲಕ್ಕೆ, ತಿರುಗುವ ರಾಟೆಗೆ ಏರುತ್ತದೆ. ಯಾವ ಗೂಡು ಯಾವಾಗ ಖಾಲಿಯಾಗುತ್ತದೋ ಗೊತ್ತಾಗುವುದಿಲ್ಲ. ಖಾಲಿಯಾದ ಕೂಡಲೇ ಇನ್ನೊಂದು ಗೂಡಿನ ಎಳೆ ಹುಡುಕಿ ಚಿಮ್ಮಿ ಸೇರಿಸಬೇಕು. ತಡವಾದರೆ ನೂಲು ಸಣ್ಣಗಾಗಿ ಫಟ್ ಅಂತ ಕಿತ್ತುಹೋಗುತ್ತದೆ. ಅಬ್ಬಾ ರಾಟೆಯ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ನೀರಿನ ಮೇಲೆ. ಬೆಂದ ಹುಳುವಿನ ಆ ವಾಸನೆ ಹೊರಗಿನವರಿಗೆ ಸಹಿಸುವುದು ಕಷ್ಟ. ನನಗೆ ಈಗಲೂ ಎಲ್ಲಾದರೂ ಅದು ಬಂದರೆ ಚಡ್ಡಿ ಹಾಕಿದ ರಿಯಾಜ್ ಪಕ್ಕದಲ್ಲಿ ನಿಂತ ಹಾಗಾಗುತ್ತದೆ.

ರಿಯಾಜ್ ಆಟ ಬಿಟ್ಟ. ಒಂದು ದಿನವೂ ಗೊಣಗಲಿಲ್ಲ. ನೀಲಿ ಅಂಗಿ ಬೀರುವಿನ ತಳ ಸೇರಿತು. ನಾನು ಚಿಕ್ಕಬಳ್ಳಾಪುರದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ, ಹೊಟ್ಟೆ ಬೆಳೆಸಿ, ಆಟದ ಮಾತು ಬಂದರೆ ತಜ್ಞನ ಹಾಗೆ ಮಾತಾಡುವುದನ್ನು ಕಲಿತೆ.

ಆಡುತ್ತಿದ್ದವನು ವಿಗ್‌ಶಾ ಒಬ್ಬನೇ. ಸ್ಮಾರ್ಟ್‌ಫೋನು ಬಂದ ಮೇಲೆ ಅವನ ಸುದ್ದಿ ರಿಯಾಜನ ಅಂಗೈಗೇ ಬರುತ್ತಿತ್ತು, ಅಲ್ಲಿಂದ ನನ್ನ ಅಂಗೈಗೆ. ನಾಲ್ಕನೇ ದರ್ಜೆಯವರು ಅವನನ್ನು ಬೇರೆ ತಂಡಕ್ಕೆ ಎರವಲು ಕೊಟ್ಟರು. ಆಟಗಾರನನ್ನು ಎರವಲು ಕೊಡುತ್ತಾರೆ ಅನ್ನುವುದೇ ನಮಗೆ ಹೊಸ ವಿಷಯ. "ನಾವು ಹಣ್ಣಾದ ಹುಳ ಗೂಡು ಕಟ್ಟೋಕೆ ಪಕ್ಕದ ಮನೆಯಿಂದ ಬಿದಿರಿನ ಚಂದ್ರಿಕೆ ತರ್ತೀವಲ್ಲ, ಹಂಗೆ" ಅಂತ ನಾನು ಅರ್ಥ ಮಾಡಿಕೊಂಡೆ. "ಚಂದ್ರಿಕೆ ವಾಪಸ್ ಕೊಡುವಾಗ ನೀವು ಯಾವತ್ತಾದ್ರೂ ನೆಟ್ಟಗೆ ಕೊಟ್ಟಿದೀರಾ?" ಅಂದ ರಿಯಾಜ್. ವಿಗ್‌ಶಾನನ್ನೂ ನೆಟ್ಟಗೆ ವಾಪಸು ಕೊಡಲಿಲ್ಲ. ಎರವಲು ಹೋದಲ್ಲಿ ಕಾಲು ಮುರಿದುಕೊಂಡ. ಆ ವರ್ಷದ ರಂಜಾನಿನಲ್ಲಿ ರಿಯಾಜ್ ಅವನ ಕಾಲಿಗಾಗಿಯೂ ದುವಾ ಕೇಳಿದ್ದನ್ನು ನನಗೊಬ್ಬನಿಗೇ ಹೇಳಿದ. ನಾನೂ ಕೈವಾರದ ಕಡೆ ಹೋದಾಗ ಅವನ ಹೆಸರಿನಲ್ಲಿ ಒಂದು ಕಾಯಿ ಒಡೆಸಿ ಬಂದೆ. ಅರ್ಚಕರು ಗೋತ್ರ ಕೇಳಿದರು, ತಡವರಿಸಿ ನನ್ನದೇ ಕೊಟ್ಟೆ.

ಕಾಲು ಕೂಡಿತು. ಮೂರನೇ ದರ್ಜೆಗೆ ಹತ್ತಿದ, ಅಲ್ಲಿ ಬೆಂಚಿನ ಮೇಲೆ ಕೂತ. ಐದನೇ ದರ್ಜೆಗೆ ಇಳಿದ. ಅಲ್ಲಿ ಸಂಬಳ ಸಾಲದೆ ಹಗಲು ಮನೆಗಳಿಗೆ ಬಣ್ಣ ಬಳಿಯುವ ಕೆಲಸಕ್ಕೆ ಹೋಗಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದನಂತೆ. ಅದನ್ನು ಓದಿದ ದಿನ ರಿಯಾಜ್ ಫೋನ್ ಮಾಡಿದ. "ನಮ್ ಥರಾನೇ ಕಣೋ! ಕೆಲ್ಸ ಮುಗಿಸ್ಕೊಂಡು ಆಡೋಕೆ ಹೋಗ್ತಾನೆ!" ಅಷ್ಟು ಖುಷಿಯನ್ನು ಅವನ ದನಿಯಲ್ಲಿ ಬಹಳ ದಿನದಿಂದ ಕೇಳಿರಲಿಲ್ಲ. ಕೊನೆಗೆ ವಿಗ್‌ಶಾ ಸುತ್ತಿ ಸುತ್ತಿ ತಾನು ಹೊರಟ ನಾಲ್ಕನೇ ದರ್ಜೆಯ ಆ ಮೊದಲ ತಂಡಕ್ಕೇ ಮರಳಿದ. ಇಷ್ಟೆಲ್ಲ ವರ್ಷಗಳಲ್ಲಿ ಅವನು ಆಡುವುದನ್ನು ನಾವು ಒಂದು ಸಲವೂ ಕಂಡಿರಲಿಲ್ಲ. ಕೆಳದರ್ಜೆಯ ಪಂದ್ಯ ನಮ್ಮ ಟೀವಿಯಲ್ಲಿ ಯಾರು ಹಾಕುತ್ತಾರೆ?

ಬೀರುವಿನ ತಳದ ಅಂಗಿಯನ್ನು ಹೋದ ವರ್ಷದ ಚಳಿಯಲ್ಲಿ ಅಬ್ಬಾ ಎಳೆದು ಹಾಕಿಕೊಂಡಿದ್ದರು. ಅವರಿಗೆ ಅದು ಮಗನ ಅಂಗಿ ಅಂತಲೂ ನೆನಪಿರಲಿಲ್ಲ. ರಿಯಾಜ್ ನೆನಪಿಸಲೂ ಇಲ್ಲ.

ಈ ವರ್ಷದ ಮೇ ತಿಂಗಳು ಬಂತು. ಒಂದು ದಿನ ರಿಯಾಜ್ ಫೋನ್ ಮಾಡಿ, "ಶನಿವಾರ ಸಾಯಂಕಾಲ ಬಾ. ವಿಗ್‌ಶಾಂದು ಲಾಸ್ಟ್ ಮ್ಯಾಚು. ರಿಟೈರ್ ಆಗ್ತಾವ್ನೆ. ಅವರ ಕ್ಲಬ್ಬಿನವರೇ ಮೊಬೈಲಲ್ಲಿ ತೋರಿಸ್ತಾರಂತೆ, ಟೀವಿಗೆ ಹಾಕಣ" ಅಂದ. ಮನೆಯವಳು ಕಟ್ಟಿಕೊಟ್ಟ ನಿಪ್ಪಟ್ಟಿನ ಡಬ್ಬ ಹಿಡಿದು ಹೊರಟೆ.

ಟೀವಿ ಇದ್ದದ್ದು ನಡುಮನೆಯಲ್ಲಿ. ಅದು ಅಬ್ಬಾನ ವಾರ್ತೆಯ ಹೊತ್ತು. "ನಂಗೆ ಸುದ್ದಿ ನೋಡ್ಬೇಕು, ನೀವು ಒಳಗೆ ಹೋಗಿ ಏನಾದ್ರೂ ಮಾಡ್ಕೊಳಿ" ಅಂದರು. ರಿಯಾಜ್, "ಇವತ್ತೊಂದು ದಿನ ಅಬ್ಬಾ" ಅಂದ. ಅಬ್ಬಾ ಮುನಿಸಿಕೊಂಡರು, ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಚಿತ್ರ ನಿಂತು ನಿಂತು ಬರುತ್ತಿತ್ತು, ನಡುನಡುವೆ ಬರೀ ಒಂದು ಉಂಗುರ ಗಿರಗಿರ ತಿರುಗುತ್ತಿತ್ತು. "ಚರಕ ತಿರುಗ್ತಿದೆ, ನೂಲೇ ಬರ್ತಿಲ್ಲ ನಿಮ್ದು" ಅಂತ ಅಬ್ಬಾ ಕೂತಲ್ಲಿಂದಲೇ ಚುಚ್ಚಿದರು.

ಆಮೇಲೆ ಚಿತ್ರ ಸರಿಯಾಗಿ ಬರತೊಡಗಿತು. ಹಸಿರು ಮೈದಾನ, ಅರ್ಧ ಖಾಲಿ ಗ್ಯಾಲರಿ, ಆಕಾಶನೀಲಿ ಅಂಗಿಗಳು. ಎಂಟನೇ ನಂಬರಿನವನು ಎಲ್ಲಿ ಅಂತ ಇಬ್ಬರೂ ಟೀವಿಗೆ ಮೂಗು ತಾಗಿಸಿ ಹುಡುಕಿದೆವು. ಬೋಳು ತಲೆ, ಗಿಡ್ಡ ಮೈ, ಸ್ವಲ್ಪ ಹೊಟ್ಟೆ.

"ಇವನೇನೋ?" ಅಂದೆ.

"ಇವನೇ," ಅಂದ ರಿಯಾಜ್. "ಕೂದ್ಲು ನಂಗಿಂತ ಮುಂಚೆ ಹೋಗಿದೆ ನೋಡು."

ಅವತ್ತು ಸೋಲದೆ ಇದ್ದರೆ ಸಾಕು, ಅವರ ತಂಡ ನಾಲ್ಕನೇ ದರ್ಜೆಯಲ್ಲೇ ಉಳಿಯುತ್ತಿತ್ತು. ಸೋತರೆ ಐದಕ್ಕೆ. ವಿಗ್‌ಶಾನ ಕಾಲಿಗೆ ಮೊದಲ ಸಲ ಚೆಂಡು ಬಂತು. ಎದುರಾಳಿ ನುಗ್ಗಿದ. ಇವನು ಮೆಲ್ಲಗೆ ತಿರುಗಿ ಹಿಂದಕ್ಕೆ ಕೊಟ್ಟ.

"ಇವನೂ ಹಿಂದಕ್ಕೆ ಹೊಡಿಯೋನೇ!" ಅಂತ ಅಬ್ಬಾ ತೊಡೆ ತಟ್ಟಿ ನಕ್ಕರು. ರಿಯಾಜ್ ನಿಪ್ಪಟ್ಟು ಮುರಿಯುತ್ತಾ ಕೂತ, ಬಾಯಿಗೆ ಹಾಕಿಕೊಳ್ಳಲಿಲ್ಲ.

ಆಟ ನಡೆಯಿತು. ವಿಗ್‌ಶಾ ಓಡುವುದಕ್ಕಿಂತ ನಡೆದದ್ದೇ ಹೆಚ್ಚು. ಒಬ್ಬನಿಂದ ತೆಗೆದುಕೊಳ್ಳುತ್ತಿದ್ದ, ಇನ್ನೊಬ್ಬನಿಗೆ ಕೊಡುತ್ತಿದ್ದ. ಚೆಂಡು ಎಲ್ಲಿ ಸಿಕ್ಕಿಹಾಕಿಕೊಂಡರೂ ಅಲ್ಲಿಗೆ ಬಂದು ಕೈ ಬೀಸುತ್ತಿದ್ದ. ಬಲಗಡೆ ದಾರಿ ಮುಚ್ಚಿದರೆ ಎಡಕ್ಕೆ, ಎಡಗಡೆ ಮುಚ್ಚಿದರೆ ಹಿಂದಕ್ಕೆ. ಅವನ ಹಿಂದಿದ್ದ ಬ್ಯಾಕ್ ಕಣ್ಣು ತೆರೆದುಕೊಂಡು ಆಡುತ್ತಿದ್ದ, ಅದು ನನಗೆ ಸ್ವಲ್ಪ ಚುಚ್ಚಿತು. ಅರ್ಧ ಆಟ ಕಳೆದ ಮೇಲೆ ನೀಲಿಯವರು ಒಂದು ಗೋಲು ಹೊಡೆದರು. ಹೊಡೆದವನ ಮೇಲೆ ಎಲ್ಲರೂ ಬಿದ್ದು ಹೊರಳಾಡಿದರು. ಆ ಚೆಂಡು ಮೂರು ಜನರ ಕಾಲು ದಾಟಿ ಗೋಲಾಗುವ ಮೊದಲು ಅದನ್ನು ಬಿಡಿಸಿಕೊಟ್ಟಿದ್ದ ವಿಗ್‌ಶಾ ಸೊಂಟದ ಮೇಲೆ ಕೈ ಇಟ್ಟು ಏದುಸಿರು ಬಿಡುತ್ತಾ ನಡುವೆಯೇ ನಿಂತಿದ್ದ. ಅಬ್ಬಾನ ನಗು ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ಗೋಲು ಹೊಡೆದವನ ಕಡೆ ಅವರು ನೋಡುತ್ತಿರಲಿಲ್ಲ. ಕುರ್ಚಿಯ ಅಂಚಿಗೆ ಸರಿದು, ಬೆರಳುಗಳನ್ನು ತೊಡೆಯ ಮೇಲೆ ಸಣ್ಣಗೆ ಚಿಮ್ಮುತ್ತಿದ್ದರು.

ಆಟ ಮುಗಿಯಲು ಇನ್ನು ಸ್ವಲ್ಪವೇ ಇದೆ ಅನ್ನುವಾಗ ಹೊರಗಿನಿಂದ ಒಬ್ಬ ಹಲಗೆ ಎತ್ತಿ ಹಿಡಿದ. ಅದರ ಮೇಲೆ ಎಂಟು. ವಿಗ್‌ಶಾನನ್ನು ಕರೆಯುತ್ತಿದ್ದರು. ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಅವನ್ನ ಯಾಕೆ ಹೊರಗೆ ಕರೀತಾವ್ರೆ?" ಅಬ್ಬಾ ಕುರ್ಚಿಯಿಂದ ಎದ್ದೇಬಿಟ್ಟರು. ಗೌರಿಬಿದನೂರಿನ ಅದೇ ಗಂಟಲು.

"ಕೊನೇ ಮ್ಯಾಚಲ್ವಾ ಅಬ್ಬಾ, ಮರ್ಯಾದೆ ಮಾಡ್ತಿದಾರೆ," ಅಂದೆ.

"ಮರ್ಯಾದೆ ಆಮೇಲೆ ಮಾಡ್ಲಿ! ಎಳೆ ಸೇರಿಸ್ತಿದ್ದವನೇ ಅವನು! ಅವನ್ನ ಎಬ್ಬಿಸಿದ್ರೆ ನೂಲು ಕಿತ್ತೋಗುತ್ತೆ, ನೋಡ್ತಿರು!"

ವಿಗ್‌ಶಾ ಹೊರಗೆ ನಡೆದ. ಅವನು ಕೂರುವಷ್ಟರಲ್ಲಿ ನೀಲಿಯವರ ಆಟ ದಿಕ್ಕಾಪಾಲಾಯಿತು. ಇವನು ಒದ್ದದ್ದು ಅವನಿಗೆ ಸಿಗಲಿಲ್ಲ, ಅವನು ಕೊಟ್ಟದ್ದು ಇನ್ನೊಬ್ಬನಿಗೆ ಮುಟ್ಟಲಿಲ್ಲ. ಎದುರಿನವರು ನುಗ್ಗಿ ಬಂದು ಗೋಲು ಹಾಕಿಯೇಬಿಟ್ಟರು. "ಹೇಳಿದ್ನಾ? ಹೇಳಿದ್ನಾ ನಾನು?" ಅಂತ ಅಬ್ಬಾ ಟೀವಿಯನ್ನೇ ಬೈದರು. ಉಳಿದ ಹೊತ್ತನ್ನು ಮೂವರೂ ನಿಂತೇ ನೋಡಿದೆವು. ಹೇಗೋ ಸಮವಾಗಿ ಮುಗಿಯಿತು. ಅವರು ನಾಲ್ಕನೇ ದರ್ಜೆಯಲ್ಲಿ ಉಳಿದರು. ಬೆಂಚಿನ ಮೇಲೆ ವಿಗ್‌ಶಾ ಮುಖಕ್ಕೆ ಟವೆಲು ಮುಚ್ಚಿಕೊಂಡು ಕೂತಿದ್ದ.

ಅಬ್ಬಾ ಕೂತರು. ಆಮೇಲೆ ಅವರು ಮಗನ ಕಡೆ ತಿರುಗಿದರು.

"ನೀನೂ ಇದನ್ನೇ ಮಾಡ್ತಿದ್ಯಾ?"

"ಹೂಂ ಅಬ್ಬಾ."

"ಆವತ್ತು ಗೌರಿಬಿದನೂರಲ್ಲೂ?"

"ಹೂಂ."

ಅಬ್ಬಾ ತಮ್ಮ ಬಿರಿದ ಬೆರಳುಗಳನ್ನು ನೋಡಿಕೊಂಡರು. "ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?" ಅಂತ ಗದರಿದರು. ರಿಯಾಜ್ ಎದ್ದು, ಚಾ ತರುತ್ತೇನೆ ಅಂತ ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಸುಮ್ಮನೆ ಸುರಿಯುವ ಸದ್ದು ಕೇಳುತ್ತಿತ್ತು. ನಾನು ನಿಪ್ಪಟ್ಟು ತಿಂದೆ. ಅಬ್ಬಾ ನನ್ನನ್ನು ನೋಡಿ, "ಆವತ್ತು ಹಿಂದೆ ನಿಂತಿದ್ದವನು ನೀನಲ್ವಾ ಮಂಜಪ್ಪ?" ಅಂದರು. ಹೌದು ಅಂದೆ. "ಬ್ಯಾಂಕಲ್ಲಿ ಹೆಂಗೆ ಇಟ್ಕೊಂಡವ್ರೆ ನಿನ್ನ?" ಅಂದರು.

ಅವತ್ತು ಅಲ್ಲೇ ಉಳಿದೆ. ಬೆಳಿಗ್ಗೆ ರಿಯಾಜನೂ ನಾನೂ ಸರ್ಕಲ್ಲಿನ ಹೋಟೆಲಿನ ಮುಂದೆ ಚಾ ಕುಡಿಯುತ್ತಾ ನಿಂತಿದ್ದೆವು. ಮೇ ತಿಂಗಳ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಬೀದಿಯ ಆ ತುದಿಯಿಂದ ಅಬ್ಬಾ ಗೂಡಿನ ಮಾರುಕಟ್ಟೆಯ ಕಡೆ ನಡೆದು ಹೋಗುವುದು ಕಾಣಿಸಿತು. ಚೌಕಳಿ ಲುಂಗಿ, ಬಿಳಿ ಜುಬ್ಬ. ಜುಬ್ಬದ ಮೇಲೆ ಆಕಾಶನೀಲಿ ಅಂಗಿ. ಬೆನ್ನ ಮೇಲಿನ ಎಂಟು ಅಷ್ಟು ದೂರಕ್ಕೂ ಬೆಳ್ಳಗೆ ಹೊಳೆಯುತ್ತಿತ್ತು.

"ಅಬ್ಬಾ, ಸೆಕೆ ಆಗಲ್ವಾ?" ಅಂತ ರಿಯಾಜ್ ಇಲ್ಲಿಂದಲೇ ಕೂಗಿದ.

ಅಬ್ಬಾ ತಿರುಗಿ ನೋಡಲಿಲ್ಲ. ಬೆನ್ನು ನಮಗೇ ತೋರಿಸಿಕೊಂಡು, ಬೀದಿಯ ನಡುಮಧ್ಯದಲ್ಲೇ ನಡೆದು ಹೋದರು.